ಕೇಳಿಸಿಕೊಳ್ಳದ ಅಧಿಕಾರ, ತಣಿಯದ ಸಿಟ್ಟು: ಉತ್ತರ ಬೆಂಗಳೂರಿನ ಭೂಮಿ ಜಗಳಗಳ ಮನಶ್ಶಾಸ್ತ್ರ

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಆ ಹೋಬಳಿಯ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು. ಮೂರು ಮಳೆಗಾಲ ಕಳೆದಿದ್ದವು, ನಡುವೆ ಸರ್ಕಾರವೇ ಬದಲಾಗಿತ್ತು, ಲಾಠಿ ಏಟು, ಬಂಧನ ಎಲ್ಲವೂ ಆಗಿತ್ತು. ಧರಣಿ ಸಾವಿರ ದಿನ ದಾಟಿತ್ತು. ಕೊನೆಗೆ ತೀರ್ಮಾನವಾದದ್ದು ರೈತರನ್ನು ಎದುರಿಗೆ ಕೂರಿಸಿಕೊಂಡು ನಡೆಸಿದ ಒಂದು ಸಭೆಯಲ್ಲಿ. ಅಂಥ ಸಭೆಗೆ ಮೂರು ವರ್ಷ ಯಾಕೆ ಬೇಕಾಯಿತು?

ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಮೂರು: ಭೂಮಿಯ ಬೆಲೆ, ಕಾನೂನಿನ ತೊಡಕು, ರಾಜಕೀಯ ಲೆಕ್ಕಾಚಾರ. ಮೂರರಲ್ಲೂ ಹುರುಳಿದೆ. ಆದರೆ ಇದೇ ಬೆಲೆ, ಇದೇ ಕಾನೂನು, ಇದೇ ರಾಜಕೀಯದ ನಡುವೆ ಕೆಲವು ಜಗಳಗಳು ತಿಂಗಳುಗಳಲ್ಲಿ ಮುಗಿಯುತ್ತವೆ, ಕೆಲವು ಒಂದು ತಲೆಮಾರನ್ನೇ ತಿನ್ನುತ್ತವೆ. ಈ ವ್ಯತ್ಯಾಸವನ್ನು ವಿವರಿಸಲು ಮನಶ್ಶಾಸ್ತ್ರಜ್ಞರು ಕೆಲವು ದಶಕಗಳಿಂದ ದುಡಿಯುತ್ತಿದ್ದಾರೆ. ಅವರ ಅಧ್ಯಯನಗಳನ್ನೂ ಹೆಬ್ಬಾಳದಿಂದ ದೇವನಹಳ್ಳಿವರೆಗಿನ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಜಗಳ ಬಿಡಿಸಲಾರದ ಗಂಟಾಗುವುದಕ್ಕೆ ಸಿಟ್ಟಿಗಿಂತ ದೊಡ್ಡ ಕಾರಣ, ಆ ಸಿಟ್ಟನ್ನು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲದ ಅಧಿಕಾರ.

ಮೂರು ಕಡತಗಳು

ಮೊದಲನೆಯದು ಅರ್ಕಾವತಿ ಬಡಾವಣೆ. 2003ರ ಫೆಬ್ರವರಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಜಕ್ಕೂರು, ಥಣಿಸಂದ್ರ, ಸಂಪಿಗೆಹಳ್ಳಿ, ರಾಚೇನಹಳ್ಳಿ ಮೊದಲಾದ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿಯಿತು. ಹೈಕೋರ್ಟಿನ ಏಕಸದಸ್ಯ ಪೀಠ 2005ರಲ್ಲಿ ಇಡೀ ಸ್ವಾಧೀನವನ್ನು ರದ್ದು ಮಾಡಿತು. ವಿಭಾಗೀಯ ಪೀಠ ಸ್ವಾಧೀನವನ್ನು ಷರತ್ತುಗಳೊಂದಿಗೆ ಎತ್ತಿ ಹಿಡಿಯಿತು. 2010ರ ಮೇನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅಲ್ಲಿಗೂ ಮುಗಿಯಲಿಲ್ಲ. ಯಾರ ಜಮೀನು ಬಿಟ್ಟರು, ಯಾರದ್ದು ಹಿಡಿದರು ಎಂಬ ಡಿನೋಟಿಫಿಕೇಶನ್ ಗದ್ದಲ ಎದ್ದು, 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ರಚನೆಯಾಯಿತು. ಆಯೋಗ 2017ರಲ್ಲಿ ವರದಿ ಕೊಟ್ಟಿತು. ಈ ನಡುವೆ ಜಮೀನು ಕಳೆದುಕೊಂಡ ರೈತರ ಜೊತೆಗೆ, ಹಣ ಕಟ್ಟಿಯೂ ಮನೆ ಕಟ್ಟಲಾಗದ ನಿವೇಶನದಾರರೂ ಇನ್ನೊಂದು ಸಂತ್ರಸ್ತ ವರ್ಗವಾದರು.

ಎರಡನೆಯದು ಯಲಹಂಕದ ಸುತ್ತಲಿನ ಡಾ. ಶಿವರಾಮ ಕಾರಂತ ಬಡಾವಣೆ. 2008ರ ಡಿಸೆಂಬರ್ ಕೊನೆಯಲ್ಲಿ 17 ಹಳ್ಳಿಗಳ 3,546 ಎಕರೆಗೆ ಅಧಿಸೂಚನೆ ಬಂತು. ಮುಂದೆ ಹತ್ತು ವರ್ಷ ಅದು ಕಾಗದ ಮತ್ತು ಕೋರ್ಟುಗಳ ನಡುವೆ ಓಡಾಡಿತು. ಅಷ್ಟರಲ್ಲಿ ರೆವಿನ್ಯೂ ಸೈಟು ಕೊಂಡು ಮನೆ ಕಟ್ಟಿಕೊಂಡವರು ಸಾವಿರಾರು ಮಂದಿ. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಮುಂದುವರಿಸಲು ಹೇಳಿದಾಗ ಆ ಮನೆಗಳ ನೆತ್ತಿಯ ಮೇಲೆ ಕತ್ತಿ ತೂಗಿತು.

ಮೂರನೆಯದು ಚನ್ನರಾಯಪಟ್ಟಣ ಹೋಬಳಿ. 2008ರ ಮೇನಲ್ಲಿ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾದ ಮೇಲೆ ಚಕ್ಕೋತ, ದ್ರಾಕ್ಷಿ, ರಾಗಿ, ತರಕಾರಿ, ಹಾಲಿನ ಈ ಸೀಮೆ ಕೈಗಾರಿಕೆಯ ಕಣ್ಣಿಗೆ ಬಿತ್ತು. 2021ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಏರೋಸ್ಪೇಸ್ ಪಾರ್ಕಿಗೆಂದು ತನ್ನ ಕಾಯ್ದೆಯ ಸೆಕ್ಷನ್ 28(1)ರ ಪ್ರಾಥಮಿಕ ನೋಟಿಸ್ ಕೊಟ್ಟಿತು. ಮುಂದಿನದು ಮೇಲೆ ಹೇಳಿದ ಕತೆ.

ಮೂರೂ ಕಡತಗಳಲ್ಲಿ ಸಮಾನವಾದದ್ದೊಂದಿದೆ. ಸರ್ಕಾರದ ಪಾಲಿಗೆ ಅಧಿಸೂಚನೆ ಒಂದು ಕೆಲಸದ ಆರಂಭ. ರೈತನ ಪಾಲಿಗೆ ಅದು ಬದುಕಿನ ತಡೆ. ಪಹಣಿಯಲ್ಲಿ ಬಿಡಿಎ ಎಂದೋ ಕೆಐಎಡಿಬಿ ಎಂದೋ ನಮೂದು ಬಿದ್ದ ದಿನದಿಂದ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ, ಬೋರ್‌ವೆಲ್ ಕೊರೆಸಲು ಮನಸ್ಸಾಗದು, ಮಗಳ ಮದುವೆಗೆ ಒಂದು ಗುಂಟೆ ಮಾರಲೂ ಆಗದು. ಇಪ್ಪತ್ತು ವರ್ಷ ಹೀಗೆ ಹಿಡಿದಿಟ್ಟರೆ ಅದೂ ಒಂದು ಬಗೆಯ ಸ್ವಾಧೀನವೇ. ಅದಕ್ಕೆ ಪರಿಹಾರ ಕೊಡುವ ಕಾನೂನು ನಮ್ಮಲ್ಲಿ ಇಲ್ಲ.

ಅಧಿಕಾರ ಏನನ್ನು ಕಾಣುವುದಿಲ್ಲ

ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ 1993ರಲ್ಲಿ ಒಂದು ಸರಳವಾದ ವಾದ ಮಂಡಿಸಿದರು. ಕೆಳಗಿರುವವರು ಮೇಲಿರುವವರನ್ನು ಸೂಕ್ಷ್ಮವಾಗಿ ಗಮನಿಸುತ್ತಾರೆ, ಏಕೆಂದರೆ ಅವರ ಬದುಕು ಮೇಲಿನವರ ಮರ್ಜಿಯ ಮೇಲೆ ನಿಂತಿದೆ. ಮೇಲಿರುವವರಿಗೆ ಆ ಅಗತ್ಯವಿಲ್ಲ; ಅವರು ಕೆಳಗಿನವರನ್ನು ಸಿದ್ಧ ಅಚ್ಚುಗಳಲ್ಲಿ ಕಂಡರೂ ಅವರ ಕೆಲಸ ನಡೆಯುತ್ತದೆ. ಭೂಸ್ವಾಧೀನದ ಊರುಗಳಲ್ಲಿ ಇದು ನಿಚ್ಚಳ. ಯಾವ ಅಧಿಕಾರಿ ಯಾವಾಗ ಬಂದರು, ಯಾರು ವರ್ಗವಾದರು, ಯಾವ ಕೇಸ್ ವರ್ಕರ್ ಬಳಿ ಕಡತ ಇದೆ ಎಂಬುದು ರೈತನಿಗೆ ಬಾಯಿಪಾಠ. ಕಚೇರಿಗೆ ರೈತ ಗೊತ್ತಿರುವುದು ಸರ್ವೆ ನಂಬರಿನ ಮೂಲಕ.

2006ರಲ್ಲಿ ಆ್ಯಡಂ ಗಲಿನ್‌ಸ್ಕಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಬಹಳ ಹೆಸರಾಯಿತು. ಕೆಲವರಿಗೆ ತಾವು ಅಧಿಕಾರ ಚಲಾಯಿಸಿದ ಸಂದರ್ಭವನ್ನೂ, ಕೆಲವರಿಗೆ ತಮ್ಮ ಮೇಲೆ ಇತರರು ಅಧಿಕಾರ ಚಲಾಯಿಸಿದ ಸಂದರ್ಭವನ್ನೂ ನೆನೆಯಲು ಹೇಳಿ, ಬಳಿಕ ತಮ್ಮ ಹಣೆಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ ಬರೆಯಲು ಹೇಳಿದರು. ಅಧಿಕಾರವನ್ನು ನೆನೆದವರು ಅಕ್ಷರವನ್ನು ತಮ್ಮ ಕಡೆಯಿಂದ ಓದುವಂತೆ, ಎದುರಿನವರಿಗೆ ಉಲ್ಟಾ ಕಾಣುವಂತೆ ಬರೆಯುವುದು ಹೆಚ್ಚಾಗಿತ್ತು. ಇಂಥ ಪ್ರಯೋಗಗಳನ್ನು ಮರಳಿ ಮಾಡಿದಾಗ ಫಲಿತಾಂಶ ಯಾವಾಗಲೂ ಅಷ್ಟು ಸ್ಪಷ್ಟವಾಗಿ ಬಂದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಗಳಿಗೆ ನೆನೆದ ಅಧಿಕಾರಕ್ಕಿಂತ ದಿನವೂ ಕೂರುವ ಕುರ್ಚಿಯ ಅಧಿಕಾರ ಆಳವಾಗಿ ಕೆಲಸ ಮಾಡುತ್ತದೆ ಎಂದೇ ನನ್ನ ನಂಬಿಕೆ. ದೇವನಹಳ್ಳಿ ಹೋರಾಟವೇ ಅದಕ್ಕೆ ಸಾಕ್ಷಿ. ವಿರೋಧ ಪಕ್ಷದಲ್ಲಿದ್ದಾಗ ರೈತರ ಬೆನ್ನಿಗೆ ನಿಂತಿದ್ದವರೇ 2023ರಲ್ಲಿ ಸರ್ಕಾರ ರಚಿಸಿದರು. ಆದರೂ ಅದೇ ಧರಣಿ ಮತ್ತೆ ಎರಡು ವರ್ಷ ನಡೆಯಬೇಕಾಯಿತು. ಇದು ಯಾರೊಬ್ಬರ ಗುಣದೋಷದ ಮಾತಲ್ಲ. ಕುರ್ಚಿಯ ಮೇಲೆ ಕೂತಾಗ ಹೂಡಿಕೆದಾರರ ಒತ್ತಡ, ಇಲಾಖೆಯ ಟಿಪ್ಪಣಿ, ನೆರೆರಾಜ್ಯದ ಪೈಪೋಟಿ ಹತ್ತಿರವಾಗುತ್ತವೆ. ಹಳ್ಳಿಯ ಧರಣಿ ದೂರವಾಗುತ್ತದೆ.

ಕಾನೂನಿನ ರಚನೆಯೂ ಈ ದೂರವನ್ನು ಕಾಯ್ದುಕೊಳ್ಳುತ್ತದೆ. 2014ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರದ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗಳಿಗೆ ಭೂಮಿ ಪಡೆಯಲು ಶೇ. 80ರಷ್ಟು, ಸಾರ್ವಜನಿಕ–ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಶೇ. 70ರಷ್ಟು ಭೂಹಿಡುವಳಿದಾರರ ಒಪ್ಪಿಗೆ ಬೇಕೆನ್ನುತ್ತದೆ. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕೆನ್ನುತ್ತದೆ. ಆದರೆ 1966ರ ಕೆಐಎಡಿ ಕಾಯ್ದೆ ಮತ್ತು 1976ರ ಬಿಡಿಎ ಕಾಯ್ದೆಯ ದಾರಿಯಲ್ಲಿ ಹೋದರೆ ಆ ಒಪ್ಪಿಗೆಯ ಮೆಟ್ಟಿಲು ಹತ್ತಬೇಕಿಲ್ಲ. ಆಕ್ಷೇಪಣೆ ಕೇಳುವ ವಿಧಿ ಇವೆರಡರಲ್ಲೂ ಇದೆ. ಕೇಳುವವರು ಮಾತ್ರ ಭೂಮಿ ಬೇಕೆಂದ ಸಂಸ್ಥೆಯ ಪರವಾಗಿಯೇ ಕೆಲಸ ಮಾಡುವ ಭೂಸ್ವಾಧೀನ ಅಧಿಕಾರಿ. ಯೋಜನೆ ಬೇಡ ಎನ್ನುವುದು ಅವರ ಕೈಯಲ್ಲಿಲ್ಲ. ಕೇಳುವ ಕಿವಿಗೆ ತೀರ್ಮಾನಿಸುವ ಕೈ ಇಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ಅಹವಾಲು ಧರಣಿಯಾಗುತ್ತದೆ.

ಸಿಟ್ಟು, ದ್ವೇಷ, ಅವಮಾನ

ಆಡಳಿತದ ಮಾತಿನಲ್ಲಿ ಭಾವನೆ ಎಂದರೆ ತೊಂದರೆ. ರೈತರು ಭಾವುಕರಾಗಿದ್ದಾರೆ, ಮನವರಿಕೆ ಮಾಡಿಕೊಡಬೇಕು ಎಂಬ ಮಾತು ಎಷ್ಟು ಸಲ ಬಂದಿದೆಯೋ. ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಇಸ್ರೇಲಿನ ಎರಾನ್ ಹಾಲ್ಪರಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿಟ್ಟನ್ನೂ ದ್ವೇಷವನ್ನೂ ಬೇರೆ ಮಾಡಿ ನೋಡಿತು. ದ್ವೇಷ ಎದುರಾಳಿ ಹುಟ್ಟಾ ಕೆಟ್ಟವನು, ಬದಲಾಗಲಾರ ಎನ್ನುತ್ತದೆ. ಸಿಟ್ಟು ಎದುರಾಳಿ ತಪ್ಪು ಮಾಡಿದ್ದಾನೆ, ತಿದ್ದಿಕೊಳ್ಳಬೇಕು ಎನ್ನುತ್ತದೆ. ದ್ವೇಷವಿಲ್ಲದ ಸಿಟ್ಟು ರಾಜಿಯ ಕಡೆಗೂ ಜನರನ್ನು ಒಯ್ಯಬಲ್ಲದು ಎಂದು ಅವರು ಕಂಡರು. ದೇವನಹಳ್ಳಿಯ ಧರಣಿ ಸಾವಿರ ದಿನವೂ ಸಿಟ್ಟಾಗಿಯೇ ಉಳಿಯಿತು. ರೈತರು ಮಂತ್ರಿಗಳನ್ನು ಬೈದರು, ಮತ್ತೆ ಅವರ ಬಾಗಿಲಿಗೇ ಮನವಿ ಹಿಡಿದು ಹೋದರು. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಬಂಧನವಾದ ಮೇಲೂ ಫ್ರೀಡಂ ಪಾರ್ಕಿಗೆ ಬಂದು ಕೂತರು, ಮಾತುಕತೆಗೆ ಕರೆದಾಗ ಹೋದರು. ಸರ್ಕಾರ ತಿದ್ದಿಕೊಳ್ಳಬಲ್ಲದು ಎಂಬ ನಂಬಿಕೆ ಇಲ್ಲದವರು ಹಾಗೆ ಮಾಡುವುದಿಲ್ಲ. ಆ ನಂಬಿಕೆ ರಾಜ್ಯದ ದೊಡ್ಡ ಆಸ್ತಿ. ಅದು ಕರಗಿದ ಕಡೆ ಸಿಟ್ಟು ದ್ವೇಷಕ್ಕೆ ತಿರುಗುತ್ತದೆ.

ಹಣದ ವಿಷಯದಲ್ಲಿ ಇನ್ನೂ ಮುಖ್ಯವಾದ ಪಾಠವಿದೆ. 2007ರಲ್ಲಿ ಜೆರೆಮಿ ಗಿಂಜಸ್, ಸ್ಕಾಟ್ ಅಟ್ರಾನ್ ಮೊದಲಾದವರು ಇಸ್ರೇಲಿ ವಲಸಿಗರು ಮತ್ತು ಪ್ಯಾಲೆಸ್ಟೀನಿಯರ ನಡುವೆ ನಡೆಸಿದ ಸಮೀಕ್ಷೆಯನ್ನು ಪ್ರಕಟಿಸಿದರು. ಯಾವುದನ್ನು ಜನ ಪವಿತ್ರ ಎಂದುಕೊಂಡಿದ್ದಾರೋ ಅದನ್ನು ಬಿಟ್ಟುಕೊಡಲು ಹಣದ ಆಮಿಷ ಒಡ್ಡಿದಾಗ ವಿರೋಧ ಇನ್ನೂ ಬಲವಾಯಿತು. ಎದುರಾಳಿ ತನಗೆ ಪವಿತ್ರವಾದ ಯಾವುದನ್ನಾದರೂ ಬಿಟ್ಟುಕೊಟ್ಟರೆ, ಹಣದ ಲಾಭ ಏನೂ ಇಲ್ಲದಿದ್ದರೂ ವಿರೋಧ ತಗ್ಗಿತು. ಹೆಚ್ಚು ಕೊಟ್ಟರೆ ಒಪ್ಪುತ್ತಾರೆ ಎಂಬ ನಮ್ಮ ಭೂಸ್ವಾಧೀನದ ಮೂಲ ನಂಬಿಕೆಗೇ ಇದು ಪೆಟ್ಟು.

ಹಾಗೆಂದು ಎಲ್ಲ ರೈತರಿಗೂ ಭೂಮಿ ಮಾರಲಾಗದ ವಸ್ತು ಎನ್ನುವುದು ನಿಜವಲ್ಲ. ಚನ್ನರಾಯಪಟ್ಟಣ ಹೋಬಳಿಯಲ್ಲೇ ಒಳ್ಳೆಯ ಬೆಲೆ ಕೊಟ್ಟರೆ ಜಮೀನು ಕೊಡುತ್ತೇವೆ ಎಂದು ಮುಖ್ಯಮಂತ್ರಿಯನ್ನು ಕಂಡ ರೈತರ ಗುಂಪೂ ಇತ್ತು. ಸ್ವಇಚ್ಛೆಯಿಂದ ಕೊಡುವವರಿಂದ ಪಡೆಯುತ್ತೇವೆ ಎಂದು ಜುಲೈ 15ರ ತೀರ್ಮಾನದಲ್ಲೂ ಹೇಳಲಾಯಿತು. ಇಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ನಾನು ಕೊಡುತ್ತೇನೆ ಎನ್ನುವವನಿಗೂ ನನ್ನಿಂದ ಕಿತ್ತುಕೊಂಡರು ಎನ್ನುವವನಿಗೂ ಎಕರೆಗೆ ಸಿಗುವ ಹಣ ಒಂದೇ ಇರಬಹುದು. ಒಬ್ಬನಿಗೆ ಅದು ವ್ಯವಹಾರ, ಇನ್ನೊಬ್ಬನಿಗೆ ಅವಮಾನ. ಪರಿಹಾರದ ಮೊತ್ತ ಏರಿಸುತ್ತ ಹೋದರೆ ಅವಮಾನ ಇಳಿಯುವುದಿಲ್ಲ.

ಜಗಳ ಮನೆಯೊಳಗೆ ಬಂದಾಗ

ದೀರ್ಘ ಸಂಘರ್ಷಗಳನ್ನು ಬಹುಕಾಲ ಅಧ್ಯಯನ ಮಾಡಿದ ಡೇನಿಯಲ್ ಬಾರ್-ತಾಲ್ ಹೇಳುವಂತೆ, ಜಗಳ ವರ್ಷಗಟ್ಟಲೆ ನಡೆದರೆ ಅದರ ಸುತ್ತ ನಂಬಿಕೆಗಳ ಒಂದು ಕಟ್ಟಡ ಏಳುತ್ತದೆ: ನ್ಯಾಯ ನಮ್ಮದು, ನೊಂದವರು ನಾವು, ಅವರನ್ನು ನಂಬಲಾಗದು. ಕಷ್ಟ ಸಹಿಸಿಕೊಳ್ಳಲು ಈ ನಂಬಿಕೆಗಳು ಬೇಕು. ಅವೇ ಮುಂದೆ ಹೊಸ ಸುದ್ದಿ ಒಳಬರದಂತೆ ಬಾಗಿಲು ಹಾಕುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕೋಲ್ಮನ್ 2011ರ ತಮ್ಮ ಪುಸ್ತಕದಲ್ಲಿ, ಇಂಥ ಬಿಡಿಸಲಾಗದ ಸ್ಥಿತಿಗೆ ಇಳಿಯುವ ಜಗಳಗಳು ನೂರಕ್ಕೆ ಐದರಷ್ಟು ಎಂದು ಅಂದಾಜಿಸಿದರು. ಅಂಥ ಕಡೆ ಹಲವು ಕಾರಣಗಳು ಒಂದಕ್ಕೊಂದು ಬಲ ಕೊಟ್ಟು, ನೀರು ಮತ್ತೆ ಮತ್ತೆ ಅದೇ ತಗ್ಗಿಗೆ ಹರಿದು ಬರುವಂತೆ ಪ್ರತಿಯೊಂದು ಹೊಸ ಘಟನೆಯೂ ಹಳೆಯ ಜಗಳಕ್ಕೇ ಬಂದು ಸೇರುತ್ತದೆ. ಆ್ಯಡಂ ವೇಯ್ಟ್ಜ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇದರ ಇನ್ನೊಂದು ಮುಖ: ನಾವು ಹೋರಾಡುವುದು ನಮ್ಮವರ ಮೇಲಿನ ಪ್ರೀತಿಯಿಂದ, ಅವರು ಹೋರಾಡುವುದು ನಮ್ಮ ಮೇಲಿನ ದ್ವೇಷದಿಂದ ಎಂದು ಎರಡೂ ಕಡೆಯವರು ಒಂದೇ ಬಗೆಯಲ್ಲಿ ನಂಬುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಈ ಕಟ್ಟಡ ಸರ್ಕಾರ ಮತ್ತು ರೈತರ ನಡುವೆ ನಿಲ್ಲುವುದಿಲ್ಲ, ಮನೆಯೊಳಗೂ ಬರುತ್ತದೆ. ಜಮೀನು ಅಪ್ಪನ ಹೆಸರಲ್ಲಿ, ಉಳುಮೆ ತಮ್ಮನದು, ಅಣ್ಣ ಯಶವಂತಪುರದಲ್ಲಿ ಅಂಗಡಿ ಇಟ್ಟಿದ್ದಾನೆ, ಅಕ್ಕಂದಿರು ಗಂಡನ ಮನೆಯಲ್ಲಿ. ಪರಿಹಾರದ ಸುದ್ದಿ ಬಂದದ್ದೇ ಯಾರ ಭಾಗ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಬಹುಕಾಲ ತಡವಾಗಿ ಸಿಕ್ಕ ಆ ನ್ಯಾಯವನ್ನು ಕೇಳಿದ ಹೆಣ್ಣುಮಕ್ಕಳನ್ನೇ ಮನೆ ಮುರಿದವರೆಂದು ದೂರುವುದು ಇವತ್ತಿಗೂ ನಿಂತಿಲ್ಲ. ವಿಭಾಗದ ದಾವೆ ಬಿದ್ದರೆ ಪರಿಹಾರದ ಹಣ ಕೋರ್ಟಿನಲ್ಲಿ ಠೇವಣಿಯಾಗಿ ಕೂರುತ್ತದೆ. ದುಡಿದವರ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ, ಗುತ್ತಿಗೆಗೆ ಉಳುವವರು, ಕೂಲಿಯವರು ಎಲ್ಲರೂ ಲೆಕ್ಕದ ಹೊರಗೆ. ಮೇಲಿನಿಂದ ಬಂದ ಒಂದು ಕಾಗದ ಒಡಹುಟ್ಟಿದವರ ಮಾತು ನಿಲ್ಲಿಸುತ್ತದೆ. ಈ ನಷ್ಟವನ್ನು ಯಾವ ಯೋಜನಾ ವರದಿಯೂ ಲೆಕ್ಕ ಹಾಕುವುದಿಲ್ಲ.

ಸಡಿಲಾಗುವ ದಾರಿ

ಹಾಗಾದರೆ ಗಂಟು ಸಡಿಲಾಗುವುದು ಹೇಗೆ? ಸಂಶೋಧನೆಯಲ್ಲಿ ಮೂರು ಉತ್ತರಗಳು ಗಟ್ಟಿಯಾಗಿ ನಿಂತಿವೆ.

ಒಂದು, ಕೇಳಿಸಿಕೊಳ್ಳುವುದು. ಎಮಿಲ್ ಬ್ರೂನೋ ಮತ್ತು ರೆಬೆಕಾ ಸ್ಯಾಕ್ಸ್ 2012ರಲ್ಲಿ ಮೆಕ್ಸಿಕನ್ ವಲಸಿಗರು ಮತ್ತು ಬಿಳಿಯ ಅಮೆರಿಕನ್ನರ ನಡುವೆ, ಹಾಗೆಯೇ ಪ್ಯಾಲೆಸ್ಟೀನಿಯರು ಮತ್ತು ಇಸ್ರೇಲಿಗಳ ನಡುವೆ ಇದನ್ನು ಪರೀಕ್ಷಿಸಿದರು. ಬಲವುಳ್ಳ ಗುಂಪಿನವರ ಮನಸ್ಸು ಎದುರಾಳಿಯ ಮಾತು ಕೇಳಿದಾಗ ಮೃದುವಾಯಿತು. ಬಲವಿಲ್ಲದವರ ಮನಸ್ಸು ಮೃದುವಾದದ್ದು ತಮ್ಮ ಮಾತನ್ನು ಎದುರಾಳಿ ಕೇಳಿಸಿಕೊಂಡಾಗ. ಇಬ್ಬರೂ ಪರಸ್ಪರ ಅರ್ಥಮಾಡಿಕೊಳ್ಳಿ ಎಂಬ ಸಮಸಮದ ಉಪದೇಶ ಇದರಿಂದ ಬಿದ್ದುಹೋಗುತ್ತದೆ. ಸರ್ಕಾರದ ಕಷ್ಟ ಏನೆಂದು ರೈತರಿಗೆ ತಿಳಿಹೇಳುವ ಸಭೆಗಳು ಸಾಕಷ್ಟು ನಡೆದಿವೆ. ಬೇಕಿರುವುದು ಅದರ ತಿರುವುಮುರುವು.

ಎರಡು, ಕ್ರಮದ ನ್ಯಾಯ. ಟಾಮ್ ಟೈಲರ್ 1990ರ ತಮ್ಮ ಪುಸ್ತಕದಲ್ಲಿ, ಷಿಕಾಗೊ ನಗರದ ನಿವಾಸಿಗಳ ಅಧ್ಯಯನದ ಮೇಲೆ, ಜನ ತಮಗೆ ವಿರುದ್ಧವಾದ ತೀರ್ಮಾನವನ್ನೂ ಒಪ್ಪುತ್ತಾರೆ ಎಂದು ತೋರಿಸಿದರು. ತಮ್ಮ ಮಾತಿಗೆ ಜಾಗ ಸಿಕ್ಕಿತು, ಗೌರವದಿಂದ ನಡೆಸಿಕೊಂಡರು, ಪಕ್ಷಪಾತ ಇರಲಿಲ್ಲ ಎಂದು ಅನ್ನಿಸಿದರೆ ಸಾಕು. ಕಾರಂತ ಬಡಾವಣೆಯಲ್ಲಿ ಇದಕ್ಕೆ ಹತ್ತಿರದ ಪ್ರಯತ್ನ ನಡೆಯಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ನೇತೃತ್ವದ ಸಮಿತಿ ರಚಿಸಿತು. ಬಿಡಿಎಯ ಹೊರಗಿನ ಈ ಸಮಿತಿ ಮನೆ ಮಾಲೀಕರಿಂದ ದಾಖಲೆ ಪಡೆದು, ಪರಿಶೀಲಿಸಿ, 2018ರ ಆಗಸ್ಟ್ 3ಕ್ಕೆ ಮುಂಚೆ ಕಟ್ಟಿದ ಮನೆಗಳ ಸಕ್ರಮಕ್ಕೆ ನೇರವಾಗಿ ನ್ಯಾಯಾಲಯಕ್ಕೆ ಶಿಫಾರಸು ಮಾಡಿತು. ಸಾವಿರಾರು ಮನೆಗಳು ಉಳಿದವು. ಭೂಮಿ ಕಳೆದುಕೊಂಡ ರೈತರ ನೋವನ್ನು ಆ ಸಮಿತಿ ಅಳಿಸಲಿಲ್ಲ. ಆದರೂ ಕೇಳುವ ಕಿವಿ ಮತ್ತು ತೀರ್ಮಾನದ ಕೈ ಹತ್ತಿರ ಬಂದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು.

ಮೂರು, ಕಳೆದುಕೊಂಡದ್ದನ್ನು ಮರಳಿ ಕೊಡುವುದು. ಏರಿ ನಾಡ್ಲರ್ ಮತ್ತು ನೂರಿತ್ ಶ್ನಾಬೆಲ್ 2008ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ನೊಂದವರು ಕಳೆದುಕೊಂಡಿರುವುದು ತಮ್ಮ ಬದುಕಿನ ಮೇಲಿನ ಹಿಡಿತ; ನೋಯಿಸಿದವರು ಕಳೆದುಕೊಂಡಿರುವುದು ನೈತಿಕ ಮರ್ಯಾದೆ. ಮೊದಲಿನವರಿಗೆ ಹಿಡಿತ, ಎರಡನೆಯವರಿಗೆ ಸ್ವೀಕೃತಿ ಸಿಕ್ಕರೆ ಇಬ್ಬರೂ ಮುಂದೆ ಬರುತ್ತಾರೆ. ಸಾಂಕೇತಿಕ ನಡೆಗಳೂ ಇಲ್ಲಿ ಕೆಲಸ ಮಾಡುತ್ತವೆ. ಹಲಸೂರಿನ ತಿರುವಳ್ಳುವರ್ ಪ್ರತಿಮೆ ಕನ್ನಡ–ತಮಿಳು ಜಗಳದಿಂದಾಗಿ 1991ರಿಂದ ಹದಿನೆಂಟು ವರ್ಷ ಮುಸುಕಿನೊಳಗಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು, ನಾಲ್ಕು ದಿನದಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಒಬ್ಬರಿಗೊಬ್ಬರು ಕೊಟ್ಟ ಆ ಗೌರವದಿಂದ ಒಂದು ಹಳೆಯ ಜಗಳ ಮುಗಿಯಿತು. ಆದರೆ 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿಷಯಕ್ಕೆ ಇದೇ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಸಂಕೇತ ಬಾಗಿಲು ತೆರೆಯುತ್ತದೆ. ಹಂಚಿಕೆಯ ಪ್ರಶ್ನೆಯನ್ನು ಅದು ಬಗೆಹರಿಸುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ. ತಮಾರ್ ಸಾಗಿ, ಜಾನ್ ಡೊವಿಡಿಯೊ ಮೊದಲಾದವರು 2009ರಲ್ಲಿ ತೋರಿಸಿದಂತೆ, ಬಲಾಢ್ಯರೊಡನೆ ಸೌಹಾರ್ದದ ಮಾತುಕತೆ ನಡೆದಾಗ ದುರ್ಬಲರು ನ್ಯಾಯ ಸಿಕ್ಕೀತೆಂದು ನಂಬುತ್ತಾರೆ, ಅಸಮಾನತೆಯ ಕಡೆ ಗಮನ ಕಡಿಮೆಯಾಗುತ್ತದೆ. ಹಂಚುವ ಹೊತ್ತಿಗೆ ಬಲಾಢ್ಯರ ನಡತೆ ಮಾತ್ರ ಬದಲಾಗಿರುವುದಿಲ್ಲ. ಮಾತುಕತೆಯೇ ಪರಿಹಾರ ಎಂದು ಹಾಡುವ ಎಲ್ಲರೂ ಇದನ್ನು ನೆನಪಿಡಬೇಕು. ತೀರ್ಮಾನ ಬದಲಾಗುವ ಸಾಧ್ಯತೆ ಇಲ್ಲದ ಆಲಿಸುವಿಕೆ ಹೋರಾಟವನ್ನು ತಣ್ಣಗಾಗಿಸುವ ಸಾಧನ ಅಷ್ಟೆ.

ಯಾರ ಸಿಟ್ಟಿಗೆ ಎಷ್ಟು ದಿನ

ಉತ್ತರ ಬೆಂಗಳೂರಿನ ಇನ್ನೊಂದು ಹೋರಾಟವನ್ನು ಇದರ ಪಕ್ಕದಲ್ಲಿ ಇಡಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 1,791 ಕೋಟಿ ರೂಪಾಯಿಯ ಉಕ್ಕಿನ ಮೇಲ್ಸೇತುವೆ ಎಂದಾಗ, ಎಂಟುನೂರಕ್ಕೂ ಹೆಚ್ಚು ಮರ ಹೋಗುತ್ತವೆಂದು ನಗರದ ಜನ 2016ರ ಅಕ್ಟೋಬರ್ 16ರಂದು ಮಾನವ ಸರಪಳಿ ಮಾಡಿದರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಐದು ತಿಂಗಳೂ ಹಿಡಿಯಲಿಲ್ಲ. ಅದು ನ್ಯಾಯವಾದ ಹೋರಾಟ, ಗೆದ್ದದ್ದು ಸರಿ. ಆದರೆ ಯಲಹಂಕದ ಬಳಿಯ ಮಾವಳ್ಳಿಪುರದವರು ನಗರದ ಕಸ ತಮ್ಮೂರಿಗೆ ಬರುವುದನ್ನು 2012ರಲ್ಲಿ ನಿಲ್ಲಿಸುವ ಹೊತ್ತಿಗೆ ಕುಡಿಯುವ ನೀರಿನ ಚಿಂತೆಯಲ್ಲೇ ವರ್ಷಗಳು ಕಳೆದಿದ್ದವು. ಚನ್ನರಾಯಪಟ್ಟಣಕ್ಕೆ ಮೂರು ವರ್ಷ ಬೇಕಾಯಿತು. ಅರ್ಕಾವತಿಯ ಕಡತಕ್ಕೆ ಇಪ್ಪತ್ತು ದಾಟಿದೆ. ಸಿಟ್ಟಿನ ತೂಕ ಎಲ್ಲ ಕಡೆಯೂ ಒಂದೇ. ಅಧಿಕಾರಕ್ಕೆ ಹತ್ತಿರವಿರುವವರ ಸಿಟ್ಟು ಬೇಗ ಅಭಿಪ್ರಾಯವಾಗುತ್ತದೆ, ದೂರವಿರುವವರದು ಬಹುಕಾಲ ಗಲಾಟೆಯಾಗಿಯೇ ಉಳಿಯುತ್ತದೆ.

ಇದನ್ನು ಬದಲಿಸಲು ಮನಸ್ಸುಗಳು ಬದಲಾಗುವವರೆಗೆ ಕಾಯಬೇಕಿಲ್ಲ, ಕ್ರಮ ಬದಲಾಗಬೇಕು. ಅಧಿಸೂಚನೆಗೆ ಮುಂಚೆಯೇ, ಹಳ್ಳಿಯಲ್ಲೇ, ಭೂಮಿ ಬೇಕೆಂದ ಸಂಸ್ಥೆಗೆ ಸೇರದ, ಯೋಜನೆ ಬೇಡ ಎನ್ನುವ ಅಧಿಕಾರವಿರುವ ವ್ಯಕ್ತಿಯ ಮುಂದೆ ವಿಚಾರಣೆ ನಡೆಯಬೇಕು. ಕೆಐಎಡಿ ಮತ್ತು ಬಿಡಿಎ ಕಾಯ್ದೆಗಳಿಗೂ ಒಪ್ಪಿಗೆಯ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನದ ನಿಯಮ ಅನ್ವಯವಾಗಬೇಕು. ಗೊತ್ತಾದ ಅವಧಿಯಲ್ಲಿ ಅಂತಿಮವಾಗದ ಅಧಿಸೂಚನೆಯ ನಮೂದು ಯಾರೂ ಅರ್ಜಿ ಹಾಕದೆ ಪಹಣಿಯಿಂದ ಬಿದ್ದುಹೋಗಬೇಕು, ತಡೆಹಿಡಿದ ವರ್ಷಗಳಿಗೆ ಪರಿಹಾರ ಸಿಗಬೇಕು. ಜಮೀನು ಕೈಬಿಟ್ಟರೆ ಯಾವ ಕಾರಣಕ್ಕೆ ಎಂಬುದು ಊರಿನ ಪಂಚಾಯಿತಿಯ ಗೋಡೆಯ ಮೇಲೆ ಅಂಟಬೇಕು. ಉಳುವವರು, ಕೂಲಿಯವರು, ಹೆಣ್ಣುಮಕ್ಕಳು ಮೊದಲ ಸಭೆಯಿಂದಲೇ ಲೆಕ್ಕಕ್ಕೆ ಬರಬೇಕು.

ಇವು ಕನಿಕರದ ಬೇಡಿಕೆಗಳಲ್ಲ. ಅಧಿಕಾರ ತಾನಾಗಿ ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರವೂ ನಮ್ಮ ಕಡತಗಳೂ ಒಟ್ಟಿಗೆ ಹೇಳುತ್ತಿವೆ. ಆದ್ದರಿಂದ ಕೇಳಿಸಿಕೊಳ್ಳುವುದನ್ನು ಆಳುವವರ ಒಳ್ಳೆಯತನಕ್ಕೆ ಬಿಡದೆ ಕಾನೂನಿನ ಕಟ್ಟಳೆಯನ್ನಾಗಿ ಮಾಡಬೇಕು. ಚನ್ನರಾಯಪಟ್ಟಣದ ರೈತರು ಗೆದ್ದದ್ದು ತಮ್ಮ ಹಟದಿಂದ. ಮುಂದಿನ ಹಳ್ಳಿಯವರಿಗೆ ಸಾವಿರ ದಿನದ ಹಟ ಬೇಕಾಗಬಾರದು.